ಅಳಿಯತನದ ಹೋಳಿಗೆ, ಮುತ್ತಜ್ಜಿಯ ಹಸಿವು

ಮನುಷ್ಯನ ದೇಹವೆಂಬುದು ಲಕ್ಷಾಂತರ ವರ್ಷಗಳ ಹಸಿವು ತನ್ನ ಕೈಯಾರೆ ಬರೆದಿಟ್ಟ ಇತಿಹಾಸ. ಈ ಘನವಾದ ಮಾತನ್ನು ನಾನು ಮೊದಲ ಸಲ ನಾಲ್ಕು ಜನರ ಮುಂದೆ ಆಡಿದ್ದು ಹುಬ್ಬಳ್ಳಿಯಲ್ಲಿ, ಮಾವನವರ ಮನೆಯ ಊಟದ ಪಂಕ್ತಿಯಲ್ಲಿ, ಅಡ್ಡಣಿಗೆಯ ಮೇಲಿಟ್ಟ ಬೆಳ್ಳಿ ತಾಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು. ತಾಟಿನಲ್ಲಿ ಐದು ಹೂರಣದ ಹೋಳಿಗೆ ಇದ್ದವು. ಮಾತು ಮುಗಿದಾಗ ಹೋಳಿಗೆ ಐದೂ ಹಾಗೇ ಇದ್ದವು. ಮರ್ಯಾದೆ ಮಾತ್ರ ಇರಲಿಲ್ಲ.

ಅರವತ್ತರ ದಶಕ ಶುರುವಾಗಿ ಎರಡು ಮೂರು ವರ್ಷ ಕಳೆದಿದ್ದವು. ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎನ್ನುವುದು ನನ್ನ ಅಭಿಪ್ರಾಯ. ವಿದ್ಯಾರ್ಥಿಗಳ ಅಭಿಪ್ರಾಯವನ್ನು ಆಗಿನ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ. ಅದೇ ಬೇಸಿಗೆಯಲ್ಲಿ ಮದುವೆಯಾಗಿತ್ತು. ಸೊಂಟಪಟ್ಟಿಯ ಮೇಲೆ ಸಣ್ಣದೊಂದು ಹೊಟ್ಟೆ ಇಣುಕತೊಡಗಿತ್ತು. ಅದನ್ನು ಓಣಿಯವರು ಮದುವೆಯ ಲಕ್ಷಣವೆಂದೂ ನಾನು ಹುದ್ದೆಯ ಲಕ್ಷಣವೆಂದೂ ತಿಳಿದು ಎಲ್ಲರೂ ಸುಖವಾಗಿದ್ದೆವು.

ಪ್ರಯೋಗಶಾಲೆಯ ಪಾಠಗಳಲ್ಲಿ ಮೂತ್ರದೊಳಗಿನ ಸಕ್ಕರೆಯನ್ನು ಪತ್ತೆ ಹಚ್ಚುವ ಪಾಠವೂ ಒಂದು. ಗಾಜಿನ ನಳಿಕೆಯಲ್ಲಿ ನೀಲಿ ದ್ರಾವಣ ತೆಗೆದುಕೊಂಡು, ಕೆಲವು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ಕೇಸರಿ ಎಂದು ಏರುತ್ತ ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ನಿಲ್ಲುತ್ತದೆ. ರೋಗಿಯ ಮಾದರಿ ಆಸ್ಪತ್ರೆಯಿಂದ ಬಾಟಲಿಯಲ್ಲಿ ಬರುತ್ತಿತ್ತು. ಆರೋಗ್ಯವಂತನ ಮಾದರಿಯನ್ನು ವಿದ್ಯಾರ್ಥಿಗಳಲ್ಲೇ ಯಾರಾದರೂ ಕೊಡುವುದು ವಾಡಿಕೆ. ಆ ವರ್ಷ ತರಗತಿಯಲ್ಲಿ ಇಬ್ಬರು ಹುಡುಗಿಯರಿದ್ದರು. ಹೀಗಾಗಿ ಹುಡುಗರೆಲ್ಲ ಏಕಾಏಕಿ ಸಭ್ಯರಾಗಿ, ಬಾಟಲಿಯ ಕಡೆ ತಿರುಗಿಯೂ ನೋಡಲಿಲ್ಲ. ವಿಜ್ಞಾನದ ಹಿತಕ್ಕಾಗಿ ನಾನೇ ಮುಂದಾದೆ. "ಚಹಾ ಬಿಟ್ಟರ ಬ್ಯಾರೆ ಚಟಾ ಇಲ್ಲದ ಮನಶ್ಯಾನ ಮೂತ್ರ ಹೆಂಗಿರಬೇಕು ಅನ್ನೂದನ್ನ ಈಗ ನೋಡ್ರಿ" ಎಂದು ಸಣ್ಣ ಮುನ್ನುಡಿಯನ್ನೂ ಹೇಳಿದೆ.

ಎರಡು ನಳಿಕೆಗಳು ಪಕ್ಕಪಕ್ಕದಲ್ಲಿ ಕುದಿದವು. ಎರಡೂ ಇಟ್ಟಿಗೆಯ ಬಣ್ಣಕ್ಕೆ ತಿರುಗಿದವು. ನನ್ನದು ತುಸು ಮೊದಲೇ ತಿರುಗಿತು.

ಮುಂದಿನ ಬೆಂಚಿನ ಹುಡುಗನೊಬ್ಬ ಭಕ್ತಿಯಿಂದ ಕೇಳಿದ: "ಸರ್, ಇವೆರಡರಾಗ ನಾರ್ಮಲ್ ಯಾವುದ್ರಿ?"

"ನಳಿಕಿ ಅದಲಿಬದಲಿ ಆಗ್ಯಾವ," ಅಂದೆ.

"ಎರಡೂ ಒಂದ ಬಣ್ಣಾ ಅದಾವಲ್ರಿ ಸರ್. ಅದಲಿಬದಲಿ ಆದ್ರೂ ಒಂದರ ನೀಲಿ ಇರಬೇಕಲ್ರಿ?"

"ಗಂಟಿ ಹೊಡದೈತಿ. ನಡೀರಿ ಇನ್ನ."

ಗಂಟೆ ಹೊಡೆದಿರಲಿಲ್ಲ. ಆದರೂ ಎಲ್ಲರೂ ಎದ್ದು ಹೋದರು. ಹುಡುಗಿಯರು ಹೊರಗೆ ಹೋಗುವವರೆಗೆ ನಗಲಿಲ್ಲ; ಆ ಉಪಕಾರವನ್ನು ನಾನು ಇಂದಿಗೂ ನೆನೆಯುತ್ತೇನೆ. ಎರಡು ಇಟ್ಟಿಗೆಗಳ ಎದುರು ನಾನೊಬ್ಬನೇ ಉಳಿದೆ.

ಡಾಕ್ಟರರು ನನ್ನ ಮಾತಿಗಿಂತ ನಳಿಕೆಯ ಮಾತನ್ನೇ ಹೆಚ್ಚು ನಂಬಿದರು. ಇನ್ನೊಮ್ಮೆ ಪರೀಕ್ಷಿಸಿ, ಗುಳಿಗೆ ಬರೆದುಕೊಟ್ಟು, ಬೆಲ್ಲ, ಸಕ್ಕರೆ, ಹಬ್ಬ, ಮದುವೆ ಇವುಗಳಿಂದ ದೂರ ಇರಲು ಹೇಳಿದರು. ಆಮೇಲೆ, "ಮನ್ಯಾಗ ಮತ್ಯಾರಿಗರ ಇತ್ತೇನು?" ಎಂದರು. ಇಲ್ಲ ಎನ್ನಲು ಬಾಯಿ ತೆರೆದವನು ನಿಂತೆ. ನನ್ನ ಅಪ್ಪ ಐವತ್ತು ಮುಟ್ಟುವ ಮೊದಲೇ ಕಾಲಿನ ಹುಣ್ಣಿನಿಂದ ಹೋಗಿದ್ದ. ಹೊಲದಲ್ಲಿ ಜಾಲಿಮುಳ್ಳು ಚುಚ್ಚಿ ಆದ ಗಾಯ, ಮಾಯಲೇ ಇಲ್ಲ. ಊರವರು ಮುಳ್ಳನ್ನು ಬೈದರು, ಅವ್ವ ಯಾರದೋ ಕಣ್ಣು ತಾಗಿತೆಂದಳು. ಡಾಕ್ಟರರು ಕೇಳಿದ ಆ ಕ್ಷಣದಲ್ಲಿ ಮುಳ್ಳು ನಿರಪರಾಧಿ ಎಂದು ನನಗೆ ಗೊತ್ತಾಯಿತು.

ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ನಳಿಕೆಯ ಕತೆಗೆ ಅವಳು ನಕ್ಕಳು, ನಗುವಾಗಲೇ ಕಣ್ಣೊರೆಸಿಕೊಂಡಳು. ಆಮೇಲೆ ಹೇಳಿದಳು:

"ಒಂದು ಮಾತು ನಡಸ್ರಿ. ನಮ್ಮ ತವರಮನ್ಯಾಗ ಇದನ್ನ ಹೇಳಬ್ಯಾಡ್ರಿ."

"ಬ್ಯಾನಿ ಏನು ಕಳವು ಮಾಡಿ ತಂದದ್ದಲ್ಲ. ಯಾಕ ಮುಚ್ಚಬೇಕು?"

"ಅಪ್ಪನ ಸಲವಾಗಿ."

ಕಾರಣವನ್ನು ಅವಳು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ತವರಿನವರು ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರದ ಧಾನ್ಯದ ವ್ಯಾಪಾರಿಗಳು. ಅಣ್ಣತಮ್ಮಂದಿರು ಕೂಡಿ ಇದ್ದ ಮನೆ. ತಮ್ಮ ನನ್ನ ಮಾವ. ಅಣ್ಣ, ಎಂದರೆ ನನ್ನ ಹೆಂಡತಿಯ ದೊಡ್ಡಪ್ಪ, ಅಂಗಡಿಯ ಗಾದಿಯ ಮೇಲೆ ಕೂರುವವರು. ಅವರು ಹೇಳಿದ್ದೇ ದರ, ಅಂಗಡಿಯಲ್ಲೂ ಮನೆಯಲ್ಲೂ. ಅವರ ಮಾತು ಮೀರಿ ಮಾವ ಆಯುಷ್ಯದಲ್ಲಿ ಒಂದೇ ಒಂದು ಕೆಲಸ ಮಾಡಿದ್ದರು: ಅವರು ತೋರಿಸಿದ ವ್ಯಾಪಾರಿಯ ಮಗನನ್ನು ಬಿಟ್ಟು ದೊಡ್ಡ ಮಗಳನ್ನು ಮಾಸ್ತರನಾದ ನನಗೆ ಕೊಟ್ಟಿದ್ದರು. "ಕಲಿತಾಂವ, ನಿರ್ವ್ಯಸನಿ, ಗಟ್ಟಿಮುಟ್ಟಾಗ್ಯಾನ" ಎಂಬುದು ಅವರ ಮೂರು ವಾದಗಳು. ಈಗ ಸಣ್ಣ ಮಗಳ ಸರದಿ ಬಂದಿತ್ತು. ಅವಳು ಬಿ.ಎ. ಓದುತ್ತಿದ್ದಳು. ದೊಡ್ಡಪ್ಪನ ಕಣ್ಣು ಗದಗಿನ ಒಬ್ಬ ಹುಡುಗನ ಮೇಲಿತ್ತು. ಮಾವನ ಆಸೆ ಅವಳ ಓದು ಮುಗಿಯಲಿ, ಓದಿದವನೇ ಸಿಗಲಿ ಎಂಬುದು. ದೊಡ್ಡ ಅಳಿಯನ ಆಯ್ಕೆ ಸರಿ ಎಂದು ತೋರಿದರೆ ಸಣ್ಣ ಅಳಿಯನನ್ನೂ ಮಾವನೇ ಆರಿಸಬಹುದಿತ್ತು. ಗಟ್ಟಿಮುಟ್ಟು ಎಂಬ ಮೂರನೆಯ ವಾದ ಆರು ತಿಂಗಳಲ್ಲೇ ಬಿದ್ದಿತೆಂದು ತಿಳಿದರೆ ಮುಗಿಯಿತು.

"ದೊಡ್ಡಪ್ಪ ಕಾಯಾಕತ್ತಾನ," ಅಂದಳು ಹೆಂಡತಿ. "ತಂಗಿ ಲಗ್ನದ ಮಾತು ಒಂದು ಗಟ್ಟಿ ಆಗ್ಲಿ. ಆಮ್ಯಾಲೆ ನಾನ ಹೇಳ್ತೇನಿ."

ಒಪ್ಪಿದೆ. ನನ್ನ ನಾಚಿಕೆಗೂ ಅದು ಅನುಕೂಲವೇ ಆಗಿತ್ತು. ಸಕ್ಕರೆ ಕಾಯಿಲೆಯೆಂದರೆ ಆಗ ಗಾದಿಗೆ ಒರಗಿ ಉಂಡುಂಡು ಬೆಳೆದ ಸಾಹುಕಾರರ ಕಾಯಿಲೆ ಎಂಬ ಭಾವನೆ ಇತ್ತು. ಕಾಲೇಜು ಮಾಸ್ತರನಿಗೆ ಅದು ಬಂದಿತೆಂದರೆ ಅವನು ಯಾರದ್ದೋ ಪಾಲಿನದನ್ನೂ ತಿಂದಿರಬೇಕು. ನಾನು ಬೀದಿಯಲ್ಲಿ ಮಿಠಾಯಿ ಅಂಗಡಿಯ ಮುಂದೆ ಹೋಗುವಾಗ ಅಪರಾಧಿಯ ಹಾಗೆ ಎದುರು ಬದಿಗೆ ದಾಟುತ್ತಿದ್ದೆ. ಧಾರವಾಡದಲ್ಲಿ ಹೀಗೆ ದಾಟುತ್ತ ಹೋಗುವವನಿಗೆ ಬಹಳ ನಡಿಗೆ ಬೀಳುತ್ತದೆ.

ಹೀಗಿರುವಾಗ ಗ್ರಂಥಾಲಯದಲ್ಲಿ ನನಗೊಂದು ಸಾಂತ್ವನ ಸಿಕ್ಕಿತು. ಹಡಗಿನಲ್ಲಿ ತಡವಾಗಿ ಬರುತ್ತಿದ್ದ ಪರದೇಶದ ಪತ್ರಿಕೆಯೊಂದರಲ್ಲಿ ಒಬ್ಬ ವಿಜ್ಞಾನಿ ಒಂದು ಊಹೆಯನ್ನು ಮುಂದಿಟ್ಟಿದ್ದ. ಸಕ್ಕರೆ ಕಾಯಿಲೆ ಇಷ್ಟು ಕೆಟ್ಟದ್ದಾಗಿದ್ದರೆ, ಅದನ್ನು ತರುವ ವಂಶವಾಹಿಗಳು ಇಷ್ಟು ತಲೆಮಾರು ಅಳಿಯದೆ ಹೇಗೆ ಉಳಿದವು ಎಂಬುದು ಅವನ ಪ್ರಶ್ನೆ. ಉತ್ತರ ಇದು: ಮನುಷ್ಯ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುತ್ತಿದ್ದ ಕಾಲದಲ್ಲಿ ಊಟ ಇಂದು ಇದ್ದರೆ ನಾಳೆ ಇಲ್ಲ. ಸಿಕ್ಕ ದಿನ ಸಿಕ್ಕಿದ್ದನ್ನೆಲ್ಲ ಲಗುಬಗೆಯಿಂದ ಕೊಬ್ಬಾಗಿ ಕೂಡಿಡಬಲ್ಲ ದೇಹ ಇಲ್ಲದ ದಿನಗಳನ್ನು ದಾಟಿತು. ಕೂಡಿಡಲಾರದ ದೇಹ ದಾಟಲಿಲ್ಲ. ನಾವೆಲ್ಲ ಹಾಗೆ ದಾಟಿದವರ ಮಕ್ಕಳು. ಈಗ ಊಟ ದಿನಾ ಸಿಗುತ್ತದೆ, ದೇಹಕ್ಕೆ ಮಾತ್ರ ಸುದ್ದಿ ಮುಟ್ಟಿಲ್ಲ. ಅದು ಇನ್ನೂ ಬರಗಾಲಕ್ಕೆಂದು ಕೂಡಿಡುತ್ತಲೇ ಇದೆ. ಒಂದು ಕಾಲದ ಉಳಿತಾಯ ಇನ್ನೊಂದು ಕಾಲದ ರೋಗ.

ಅದನ್ನು ಓದಿ ನಾನು ಕುರ್ಚಿಯಲ್ಲೇ ಸ್ವಲ್ಪ ನೆಟ್ಟಗೆ ಕುಳಿತೆ. ನನ್ನ ಮುತ್ತಜ್ಜಿಯ ಕತೆ ನೆನಪಾಯಿತು. ನವಲಗುಂದದ ಕಡೆಯ ನಮ್ಮ ಹಳ್ಳಿಯಲ್ಲಿ, ಹಿಂದಿನ ಶತಮಾನದ ದೊಡ್ಡ ಬರದಲ್ಲಿ, ಅವಳ ಒಡಹುಟ್ಟಿದವರೆಲ್ಲ ಸತ್ತರು. ಹುಲ್ಲಿನ ಬೀಜ ಕುಟ್ಟಿ, ಗಂಜಿ ಕಾಸಿ ಕುಡಿದು ಇವಳೊಬ್ಬಳು ಬದುಕಿದಳು. "ಆಕಿ ಗಾಳಿ ಕುಡದ ಮೈ ಹಿಡೀತಿದ್ಲು" ಎಂದು ಅಜ್ಜಿ ಹೇಳುತ್ತಿದ್ದಳು. ಆ ಮೈ ಅಪ್ಪನಿಗೆ ಬಂದಿತ್ತು, ನನಗೂ ಬಂದಿತ್ತು. ಎಂದಮೇಲೆ ನಾನು ಹೊಟ್ಟೆಬಾಕನಲ್ಲ. ಬರವನ್ನು ಗೆದ್ದ ವೀರರ ವಾರಸುದಾರ! ನಾಚಿಕೆ ಸ್ವಲ್ಪ ಇಳಿಯಿತು. ಇಳಿಯಬಾರದಿತ್ತು.

ದೀಪಾವಳಿ ಬಂತು. ಮದುವೆಯಾದ ಮೊದಲ ದೀಪಾವಳಿಗೆ ಅಳಿಯ ಮಾವನ ಮನೆಗೆ ಹೋಗಿ ಸತ್ಕಾರ ಮಾಡಿಸಿಕೊಳ್ಳಬೇಕು. ಇದಕ್ಕೆ ಅಳಿಯತನ ಎಂದು ಹೆಸರು. ಬೇಡ ಎನ್ನುವ ಹಾಗಿಲ್ಲ. ಗುಳಿಗೆಗಳನ್ನು ಹೆಂಡತಿಯ ಕುಂಕುಮದ ಭರಣಿಯಲ್ಲಿ ಅಡಗಿಸಿ, ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆವು.

ಬೆಳಗಿನ ಎಣ್ಣೆಸ್ನಾನ, ಆರತಿ, ಹೊಸ ಅಂಗಿ ಆದ ಮೇಲೆ ಅತ್ತೆ ಕರಜೀಕಾಯಿ, ಬೇಸನ್ ಉಂಡಿ ತಂದಿಟ್ಟರು. ನಾನು ಹೊಟ್ಟೆ ಸರಿಯಿಲ್ಲ ಎಂದೆ. ಅತ್ತೆ ಗಾಬರಿಯಾಗಿ ಓಂಕಾಳಿನ ಕಷಾಯ ಮಾಡಿ ತಂದರು. ಅದರಲ್ಲಿ ಉಂಡಿಯಲ್ಲಿದ್ದ ಸಕ್ಕರೆಗಿಂತ ಹೆಚ್ಚು ಬೆಲ್ಲವಿತ್ತು. ಅದನ್ನೂ ಒಲ್ಲೆ ಎಂದೆ. ಮಧ್ಯಾಹ್ನ ಶೇಂಗಾ ಹೋಳಿಗೆ, ಹಲ್ಲುನೋವು ಎಂದೆ. ಆದರೆ ಅದೇ ಹಲ್ಲಿನಿಂದ ಕಟಕಲು ರೊಟ್ಟಿಯನ್ನು ಕಟಕಟನೆ ಮುರಿದು, ಬದನೆಕಾಯಿ ಪಲ್ಯದ ಜೊತೆ ಎರಡೆರಡು ತಿಂದೆ. ಹಸಿವಾಗಿತ್ತು. ಇದನ್ನು ದೊಡ್ಡಪ್ಪನವರು ನೋಡುತ್ತಿದ್ದರು. ವ್ಯಾಪಾರಿಯ ಕಣ್ಣು, ಮೂಟೆ ಬಿಚ್ಚದೆಯೇ ಒಳಗಿನ ಕಾಳು ಎಂಥದ್ದೆಂದು ಹೇಳಬಲ್ಲವರು.

"ತಮ್ಮಾ," ಎಂದರು ಮಾವನಿಗೆ, ನನಗೂ ಕೇಳುವ ಹಾಗೆ. "ಅಳ್ಯಾಗ ಹಲ್ಲುಬ್ಯಾನಿ ಅಲ್ಲ, ಮುಂಗೈ ಬ್ಯಾನಿ. ಖಾಲಿ ಐತಿ ನೋಡು."

ಪಂಕ್ತಿಯೆಲ್ಲ ನಕ್ಕಿತು. ಆಗ ನನಗೆ ಹೊಳೆಯಿತು. ನನ್ನ ರೋಗದ ಧಾವಂತದಲ್ಲಿ ನಮ್ಮ ಕಡೆಯ ಅಳಿಯಂದಿರ ಪರಮ ಹಕ್ಕನ್ನೇ ಮರೆತಿದ್ದೆ. ಮೊದಲ ದೀಪಾವಳಿಗೆ ಅಳಿಯ ಸಿಟ್ಟಾಗಬೇಕು. ಸಿಟ್ಟಿಗೆ ಕಾರಣ ಬೇಡ. ಬಾಯಿಬಿಟ್ಟು ಕೇಳಿದರೆ ಅದು ಭಿಕ್ಷೆ. ಸಿಹಿ ಮುಟ್ಟದೆ ಕುಳಿತರೆ ಅದು ಸಂಪ್ರದಾಯ. ಅವನು ಸಿಹಿ ಮುಟ್ಟುವವರೆಗೆ ಮನೆಯವರು ಉಂಗುರ, ಗಡಿಯಾರ, ಸೈಕಲ್ ಎಂದು ಒಂದೊಂದೇ ಮೆಟ್ಟಿಲು ಏರುತ್ತಾರೆ. ಮನಸ್ಸಿಗೆ ಬಂದ ಮೆಟ್ಟಿಲಲ್ಲಿ ಅಳಿಯ ಒಂದು ತುತ್ತು ಬಾಯಿಗಿಟ್ಟರೆ ಸಿಟ್ಟು ಇಳಿಯಿತು, ಸೌದಾ ಮುಗಿಯಿತು. ನಾನು ಬೆಳಗಿನಿಂದ ಏನನ್ನೂ ಮುಟ್ಟದೆ, ಒಂದರ ಹಿಂದೊಂದು ಸುಳ್ಳು ಕಾರಣ ಹೇಳುತ್ತ, ಇಡೀ ಊರೇ ಓದಬಲ್ಲಷ್ಟು ದೊಡ್ಡ ಅಕ್ಷರಗಳಲ್ಲಿ ಸಿಟ್ಟಾಗಿದ್ದೆ.

ಸಂಜೆ ಮಾವ ಉಂಗುರ ತಂದರು. "ಬ್ಯಾಡ್ರಿ ಮಾವಾರ, ನನಗ ಏನೂ ಬ್ಯಾಡ" ಎಂದೆ. ಏನೂ ಬೇಡ ಎಂಬುದು ಆ ಭಾಷೆಯಲ್ಲಿ ಇದು ಸಾಲದು ಎಂದರ್ಥ. ಮರುದಿನ ಅಂಗಡಿಯ ಲಕ್ಷ್ಮೀಪೂಜೆ. ಪ್ರಸಾದದ ಪೇಢೆಯನ್ನು ಅಂಗೈಯಲ್ಲಿ ಹಿಡಿದು, ಯಾರೂ ಕಾಣದಾಗ ಕಿಸೆಗೆ ಹಾಕಿದೆ. ದೊಡ್ಡಪ್ಪ ಕಂಡರು. "ಪ್ರಸಾದನೂ ಒಲ್ಲ ಅಂದ್ರ ಮಾಸ್ತರ್ರ ದರಾ ಭಾಳ ಏರೇತಿ" ಎಂದು ಗುಮಾಸ್ತರ ಮುಂದೆಯೇ ಅಂದರು.

ಹೆಂಡತಿಯನ್ನು ಹಿತ್ತಿಲಲ್ಲಿ ಹಿಡಿದು, "ಹೇಳಿಬಿಡೋಣ. ನನ್ನನ್ನ ಲಂಚಕೋರ ಅನಾಕತ್ತಾರ" ಎಂದೆ.

"ಇನ್ನೊಂದ ದಿನಾ ತಡಕೋರಿ," ಅಂದಳು ಅವಳು. "ದುರಾಸಿ ಇದ್ದಾಂವ ಅಂದ್ರ ಅಂದ್ಕೊಳ್ಲಿ. ದುರಾಸಿ ಇದ್ದ ಅಳ್ಯಾನ್ನ ಆರಿಸಿದ್ರ ಅಪ್ಪಗ ನಗ್ತಾರ, ಅಷ್ಟ. ಬ್ಯಾನಿ ಬಿದ್ದಾಂವನ್ನ ಆರಿಸಿದ್ರ ಇನ್ನೊಮ್ಮಿ ಆರಸಾಕ ಬಿಡೂದಿಲ್ಲ."

"ಒಂದು ಹೋಳಿಗಿ ತಿಂದಬಿಡಲ್ಯಾ ಹಂಗಾದ್ರ?"

"ಒಂದರಾಗ ಬಿಡ್ತಾರೇನ್ರಿ ನಮ್ಮವರು?" ಎಂದು ಅವಳು ನಕ್ಕಳು. ಆ ನಗು ಒಣಗಿತ್ತು.

ಪಾಡ್ಯದ ದಿನ ದೊಡ್ಡ ಊಟ. ಗಂಡಸರ ಪಂಕ್ತಿ. ನನ್ನ ಎದುರಿಗೆ ದೊಡ್ಡಪ್ಪ, ಪಕ್ಕಕ್ಕೆ ಮಾವ. ಅತ್ತೆ ಬಾಗಿಲ ಹತ್ತಿರ, ಹೆಂಡತಿ ಅಡಿಗೆಮನೆಯ ಹೊಸ್ತಿಲಲ್ಲಿ. ಅವಳ ತಂಗಿ ತುಪ್ಪದ ಗಿಂಡಿ ಹಿಡಿದು ಬಡಿಸುತ್ತಿದ್ದಳು. ನನ್ನ ತಾಟಿಗೆ ಹೂರಣದ ಹೋಳಿಗೆ ಐದು ಬಿದ್ದವು. ತಾಟಿನ ಪಕ್ಕದಲ್ಲಿ ಮಾವ ಒಂದು ಪೆಟ್ಟಿಗೆ ಇಟ್ಟು ಮುಚ್ಚಳ ತೆಗೆದರು. ಕೈಗಡಿಯಾರ. ಹೊಳೆಯುತ್ತಿತ್ತು.

"ಅಳ್ಯಾರ, ಇನ್ನರ ಬಾಯಿ ಸಿಹಿ ಮಾಡ್ರಿ."

ನಾನು ತಲೆ ತಗ್ಗಿಸಿ ಕುಳಿತೆ. ಯಾರೂ ಉಣ್ಣಲು ಶುರುಮಾಡಲಿಲ್ಲ. ಅಳಿಯ ಮುಟ್ಟದೆ ಪಂಕ್ತಿ ಮುಟ್ಟುವ ಹಾಗಿಲ್ಲ.

"ಮೂರು ದಿನಾ ಆತು," ಎಂದರು ಮಾವ. ದನಿ ಸಣ್ಣದಾಗಿತ್ತು. "ನನ್ನ ಕಡಿಂದ ಏನ ತಪ್ಪಾಗೇತಿ ಹೇಳ್ರಿ. ಏನ ಬೇಕು ಅದನ್ನ ಬಾಯಿಬಿಟ್ಟು ಕೇಳ್ರಿ. ಇಲ್ಲ ಅನ್ನೂದಿಲ್ಲ."

"ತಪ್ಪು ನಿಂದಲ್ಲಪಾ ತಮ್ಮಾ," ಅಂದರು ದೊಡ್ಡಪ್ಪ. "ಗಡಿಯಾರಕ್ಕ ಗಾಲಿ ಇಲ್ಲ, ಅದ ತಪ್ಪು. ಸ್ಕೂಟರ್ ಕೊಡಸು, ಗುಟುಕ್ನ ನುಂಗ್ತಾರ."

ಯಾರೋ ನಕ್ಕರು. ಮಾವ ನಗಲಿಲ್ಲ. ಕುಳಿತಲ್ಲಿಂದ ಎದ್ದು, ಎಂಜಲಾಗದ ಎರಡೂ ಕೈಗಳನ್ನು ನನ್ನ ಮುಂದೆ ಜೋಡಿಸಿದರು. ನನಗಿಂತ ಇಪ್ಪತ್ತೈದು ವರ್ಷ ಹಿರಿಯರು. ನಾನು ನೆಲ ನೋಡಿದೆ. ನೆಲ ಬಾಯಿ ತೆರೆಯಲಿಲ್ಲ.

"ಅಪ್ಪಾ, ಕೈ ಇಳಸು." ಹೊಸ್ತಿಲಿನಿಂದ ಹೆಂಡತಿಯ ದನಿ ಬಂತು. "ಅವರು ಸಿಟ್ಟಾಗಿಲ್ಲ. ಅವರಿಗೆ ಸಕ್ಕರಿ ಬ್ಯಾನಿ ಐತಿ. ಹೇಳಬ್ಯಾಡ್ರಿ ಅಂದಾಕಿ ನಾನ."

ತುಪ್ಪದ ಗಿಂಡಿ ನಿಂತಲ್ಲೇ ನಿಂತಿತು. ಮಾವ ಮೆಲ್ಲಗೆ ಕುಳಿತರು. ಅವರ ಮುಖದಲ್ಲಿ ಮೊದಲು ಕಂಡದ್ದು ಸಮಾಧಾನ, ಸತ್ಯವಾಗಿ. ತಪ್ಪು ತಮ್ಮದಲ್ಲವಲ್ಲ! ಆಮೇಲೆ ನನ್ನ ಕಡೆ ನೋಡಿದ ದೃಷ್ಟಿಯಲ್ಲಿ ಕನಿಕರವೇ ಇತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಬಹುಶಃ ಎಲ್ಲವೂ ಮುಚ್ಚಿಹೋಗುತ್ತಿತ್ತು. ಆದರೆ ದೊಡ್ಡಪ್ಪ ಬಿಡಲಿಲ್ಲ.

"ಈ ವಯಸ್ಸಿಗೆ?" ಎಂದರು. "ಅದು ಉಂಡುಂಡು ಬರೂ ಬ್ಯಾನಿ ಅಲ್ಲೇನ್ರಿ? ಮಾಸ್ತರಕಿ ಪಗಾರದಾಗ ಅಷ್ಟು ಏನ ಉಂಡ್ರಿ ಮಾರಾಯ್ರ?"

ಇದು ತಾಗಿತು. ತಿಂಗಳುಗಟ್ಟಲೆ ಬೀದಿಯ ಆಚೆಬದಿಗೆ ದಾಟಿಕೊಂಡು ನಡೆದ ಮನುಷ್ಯನಿಗೆ ತಾಗಲೇಬೇಕಾದ ಜಾಗದಲ್ಲಿ ತಾಗಿತು. ಅಲ್ಲದೆ ನಾನು ಅಧ್ಯಾಪಕ. ಜನ ಸುಮ್ಮನೆ ಕುಳಿತು ನನ್ನ ಕಡೆ ನೋಡಿದರೆ ಅದನ್ನು ತರಗತಿ ಎಂದೇ ಭಾವಿಸುವ ರೋಗವೂ ನನಗಿತ್ತು.

"ಉಂಡು ಬಂದದ್ದಲ್ರಿ," ಎಂದೆ. "ಉಪವಾಸ ಇದ್ದು ಬಂದದ್ದು." ಮತ್ತು ಶುರುಮಾಡಿದೆ. ಮನುಷ್ಯನ ದೇಹವೆಂಬುದು ಲಕ್ಷಾಂತರ ವರ್ಷಗಳ ಹಸಿವಿನ ಇತಿಹಾಸವೆಂದೆ. ಬೇಟೆ, ಗೆಡ್ಡೆ, ಬರ, ಉಳಿದವರು, ಅಳಿದವರು ಎಲ್ಲವನ್ನೂ ಹೇಳಿದೆ. ಧಾನ್ಯದ ವ್ಯಾಪಾರಿಗಳಿಗೆ ತಿಳಿಯಲೆಂದು ಹಗೇವಿನ ಉಪಮೆಯನ್ನೂ ಕೊಟ್ಟೆ. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ನಮ್ಮ ಸೀಮೆಯಲ್ಲಿ ಮನೆತನವನ್ನು ಅಳೆಯುವುದೇ ಅದರಿಂದ.

"ಮೈ ಅಂದ್ರ ಒಂದು ಹಗೇವು ಇದ್ದಂಗ್ರಿ. ಬರಕ್ಕಂತ ಕಾಳು ತುಂಬೂದು ಅದರ ಧರ್ಮ. ಬರಾ ಬಂದ್ರ ಅದ ಮನ್ಯಾಗಿನವರನ್ನ ಉಳಸ್ತೈತಿ. ಬರಾ ಬರಲೇ ಇಲ್ಲಂದ್ರ? ತುಂಬಿದ ಮ್ಯಾಲೂ ಸುರೀತನ ಹ್ವಾದ್ರ? ಕಾಳು ಹೊರಗ ಚೆಲ್ಲತೈತಿ. ಹಂಗ ಸಕ್ಕರಿ ರಕ್ತದಾಗ ಚೆಲ್ಲತೈತಿ. ನಮ್ಮ ಮುತ್ತಜ್ಜಿ ಬರದಾಗ ಹುಲ್ಲಿನ ಬೀಜಾ ತಿಂದು ಬದುಕಿದಾಕಿ. ಆಕಿ ಮೈ ನನಗ ಬಂದೈತಿ. ಇದು ಬ್ಯಾನಿ ಅಲ್ರಿ, ಹಿರ್ಯಾರ ಆಸ್ತಿ."

ಪಾಠ ಚೆನ್ನಾಗಿ ಹೋಯಿತೆಂದೇ ಒಂದು ಕ್ಷಣ ಅನಿಸಿತು. ಮಾವ ತಲೆದೂಗಿದರು. ಆಮೇಲೆ ದೊಡ್ಡಪ್ಪ, ದರ ಮಾತಾಡುವಾಗಿನ ಮೆತ್ತಗಿನ ದನಿಯಲ್ಲಿ ಕೇಳಿದರು:

"ಹುಲ್ಲಿನ ಬೀಜಾ ತಿಂದವರು ಯಾರ್ರಿ?"

"ನಮ್ಮ ಮುತ್ತಜ್ಜಿ."

"ಲಗ್ನದ ಮಾತುಕತಿಗೆ ಬಂದಾಗ ನಿಮ್ಮ ಸೋದರಮಾವ ಇದ ಜಾಗಾದಾಗ ಕುಂತು ಏನಂದ್ರು? 'ಈ ಹುಡುಗನ ಮನಿ ಹಗೇವು ಯಾವ ಬರದಾಗೂ ತಳಾ ಕಂಡಿಲ್ಲ' ಅಂದ್ರು. ಹೌದಲ್ಲೋ ತಮ್ಮಾ?"

ಸೋದರಮಾವನ ಮಾತು ಎಲ್ಲ ಸೋದರಮಾವಂದಿರ ಮಾತಿನಂತೆ ಸಭೆಗೆ ತಕ್ಕದ್ದಾಗಿತ್ತು. ನನ್ನ ಹೊಟ್ಟೆಯ ಮರ್ಯಾದೆ ಉಳಿಸಲು ಹೋಗಿ ಮನೆತನದ್ದನ್ನು ನಾನೇ ಪಂಕ್ತಿಯಲ್ಲಿ ಬಡಿಸಿದ್ದೆ.

"ಬರಾ ಎಲ್ಲಾರಿಗೂ ಬಂದಿತ್ತಲ್ಲಣ್ಣಾ," ಎಂದರು ಮಾವ, ನನ್ನ ಪರವಾಗಿ. "ನಮ್ಮ ಹಿರ್ಯಾರೂ..."

"ನಮ್ಮ ಹಿರ್ಯಾರು ಉಂಡ್ರು," ಅಂದರು ಅಣ್ಣ. "ಆ ಬರದಾಗೂ ನಮ್ಮ ಅಂಗಡಿ ಬಾಗಲಾ ಒಂದ ದಿನಾ ಮುಚ್ಚಿಲ್ಲ."

ಇದಕ್ಕೆ ನನ್ನ ಬಳಿ ಉತ್ತರವಿತ್ತು. ಬರದಲ್ಲಿ ಬಾಗಿಲು ತೆರೆದಿಟ್ಟ ಧಾನ್ಯದ ಅಂಗಡಿಗೆ ಕಾಳು ಎಲ್ಲಿಂದ ಬರುತ್ತಿತ್ತು, ಯಾರ ಹಗೇವು ತಳ ಕಂಡು ಬರುತ್ತಿತ್ತು ಎಂದು ಕೇಳಬಹುದಿತ್ತು. ಮೈಯೊಳಗೆ ಕೂಡಿಟ್ಟವರು ಒಂದು ಜಾತಿ, ಅಂಗಡಿಯೊಳಗೆ ಕೂಡಿಟ್ಟವರು ಇನ್ನೊಂದು. ವಿಕಾಸ ಎರಡನ್ನೂ ಉಳಿಸಿತ್ತು. ಆದರೆ ಉತ್ತರ ಹೇಳುವ ಮುಖ ನನಗೆ ಉಳಿದಿರಲಿಲ್ಲ. ಮಾವ ತಲೆ ತಗ್ಗಿಸಿದ ರೀತಿ ನೋಡಿದರೆ ಆ ಪ್ರಶ್ನೆ ಅವರಿಗೂ ಗೊತ್ತಿದ್ದಂತಿತ್ತು.

ಅಷ್ಟರಲ್ಲಿ ಬಾಗಿಲ ಹತ್ತಿರದಿಂದ ಅತ್ತೆ ಕೇಳಿದರು. ಮೂರು ದಿನದಲ್ಲಿ ಅವರು ನನ್ನನ್ನು ನೇರವಾಗಿ ಕೇಳಿದ ಪ್ರಶ್ನೆ ಅದೊಂದೇ.

"ಅಲ್ರಿ, ಹಿರ್ಯಾರಿಂದ ನಿಮಗ ಬಂದೈತಿ ಅಂದ್ರ, ನಿಮ್ಮಿಂದ ಮುಂದ..."

ವಾಕ್ಯ ಮುಗಿಸಲಿಲ್ಲ. ಮಗಳ ಕಡೆ ನೋಡಿದರು. ನನ್ನ ಸಿದ್ಧಾಂತದ ಈ ತುದಿಯನ್ನು ನಾನು ಗ್ರಂಥಾಲಯದಲ್ಲಿ ಓದಿಕೊಂಡಿರಲಿಲ್ಲ. ಮುತ್ತಜ್ಜಿಯ ಕಡೆ ನೋಡುವುದರಲ್ಲಿ ಮಗ್ನನಾಗಿ ಮುಂದಕ್ಕೆ ತಿರುಗಿಯೇ ಇರಲಿಲ್ಲ. ಆಸ್ತಿ ಎಂದಮೇಲೆ ಅದು ಮಕ್ಕಳಿಗೆ ಹೋಗಬೇಕಲ್ಲ.

"ಬರಬಹುದ್ರಿ," ಎಂದೆ.

ಹೆಂಡತಿ ಒಳಗೆ ಹೋದಳು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದೊಡ್ಡಪ್ಪ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು, ಹಾಲು ಸುರಿಸಿಕೊಂಡು, ಬಹಳ ಸಾವಧಾನವಾಗಿ ಮುರಿದರು. ಪಂಕ್ತಿ ಉಣ್ಣಲು ಶುರುಮಾಡಿತು. ನನ್ನ ಅನುಮತಿ ಈಗ ಯಾರಿಗೂ ಬೇಕಾಗಿರಲಿಲ್ಲ. ಮಾವ ಅನ್ನ, ಕಟ್ಟಿನ ಸಾರು ಕಲಸಿ ಎರಡು ತುತ್ತು ಉಂಡು ಕೈ ತೊಳೆದರು. ಗಡಿಯಾರದ ಪೆಟ್ಟಿಗೆ ಬಾಯಿ ತೆರೆದುಕೊಂಡು ನನ್ನ ತಾಟಿನ ಪಕ್ಕದಲ್ಲೇ ಇತ್ತು. ಅದನ್ನು ಯಾರು ಮುಚ್ಚಬೇಕೆಂಬುದು ಯಾರಿಗೂ ಗೊತ್ತಾಗಲಿಲ್ಲ.

ಊಟವಾದ ಮೇಲೆ ಪಡಸಾಲೆಯಲ್ಲಿ ಎಲೆ ಅಡಿಕೆ. ದೊಡ್ಡಪ್ಪ ಸುಣ್ಣ ಹಚ್ಚುತ್ತ, ಮುಖ ಎತ್ತದೆ ಹೇಳಿದರು:

"ತಮ್ಮಾ, ಸಣ್ಣಾಕಿ ವಿಚಾರ ಇನ್ನ ನನಗ ಬಿಡು. ಗದಗಿನ ಹುಡುಗ ಹೆಚ್ಚು ಕಲ್ತಿಲ್ಲ, ಖರೇ. ಆದ್ರ ತಾಟಿನಾಗ ಇಟ್ಟದ್ದೆಲ್ಲಾ ತಿಂತಾನ."

"ನೀ ಹೆಂಗ ಹೇಳ್ತಿ ಹಂಗ," ಎಂದರು ಮಾವ.

ಅದನ್ನು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು. ಬೈದಿದ್ದರೆ ಇನ್ನೂ ಒಳ್ಳೆಯದಿತ್ತು. ಸಂಜೆ ನಾವು ಹೊರಟಾಗ ಚೀಲವನ್ನು ಅವರೇ ಬಸ್ಸಿನವರೆಗೆ ಹೊತ್ತು ತಂದರು. "ತಬ್ಬೇತ ನೋಡಕೋರಿ ಅಳ್ಯಾರ, ಗುಳಗಿ ತಪ್ಪಸಬ್ಯಾಡ್ರಿ" ಎಂದು ಕಿಟಕಿಯಲ್ಲಿ ನಿಂತು ಹೇಳಿದರು. ಅಷ್ಟು ಮರ್ಯಾದೆಯನ್ನು ಹೊತ್ತುಕೊಂಡು ಧಾರವಾಡದವರೆಗೆ ಬರುವುದು ನನಗೆ ಭಾರವಾಯಿತು.

ಹೊರಡುವ ಮೊದಲು ಹೆಂಡತಿಯ ತಂಗಿ ನೀರು ಕೊಡುವ ನೆವದಲ್ಲಿ ಬಂದು ನಿಂತಿದ್ದಳು. ಅವಳಿಗೆ ನನ್ನ ಮೇಲೆ ಸಿಟ್ಟು ಇದ್ದ ಹಾಗೆ ಕಾಣಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು:

"ಭಾವಾರ, ಅಕ್ಕ ಬ್ಯಾನಿ ಅಂತ ಅಂದ ಮ್ಯಾಲೆ ಸುಮ್ಮನ ಕುಂಡ್ರಬಹುದಿತ್ತಲ್ರಿ? ಅಷ್ಟೆಲ್ಲಾ ಯಾಕ ಹೇಳಿದ್ರಿ?"

"ಅದು ಖರೇ ಇತ್ತಲ್ಲ," ಎಂದೆ.

"ಖರೇನ್ರಿ?"

"ಇನ್ನೂ ಊಹೆ. ಸಿದ್ಧ ಆಗಿಲ್ಲ."

ಅವಳು ತಂಬಿಗೆ ತೆಗೆದುಕೊಂಡು ಒಳಗೆ ಹೋದಳು.

ಆ ಊಹೆಯ ಮುಂದಿನ ಪಾಡನ್ನು ನಾನು ದೂರದಿಂದ ಓದುತ್ತ ಬಂದಿದ್ದೇನೆ. ಕೆಲವರು ಒಪ್ಪಿದರು, ಕೆಲವರು ತಿದ್ದಿದರು, ಕೆಲವರು ಅದರಲ್ಲಿ ಹುರುಳಿಲ್ಲವೆಂದರು. ಹಸಿವಿಗಿಂತ ತಾಯಿಯ ಹೊಟ್ಟೆಯೊಳಗಿನ ಕೊರತೆ ಮುಖ್ಯವೆಂದವರಿದ್ದಾರೆ. ಬರಗಾಲ ಅಷ್ಟು ಬೇಗ ವಂಶವನ್ನು ತಿದ್ದಲಾರದೆಂದವರೂ ಇದ್ದಾರೆ. ವಿದ್ವಾಂಸರಲ್ಲಿ ಅದು ಇಂದಿಗೂ ತೀರ್ಮಾನವಾಗಿಲ್ಲ. ಹುಬ್ಬಳ್ಳಿಯಲ್ಲಿ ಮಾತ್ರ ಪಾಡ್ಯದ ಮಧ್ಯಾಹ್ನವೇ ತೀರ್ಮಾನವಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಹೆಂಡತಿಯ ತಂಗಿಯ ಮದುವೆ ಗದಗಿನ ಹುಡುಗನೊಂದಿಗೆ ಆಯಿತು. ವರನನ್ನು ದೊಡ್ಡಪ್ಪನವರು ಗೊತ್ತುಮಾಡಿದರು. ಅವಳ ಬಿ.ಎ. ಎರಡನೆಯ ವರ್ಷಕ್ಕೆ ನಿಂತಿತು.